ಉಡುಪಿಯಿಂದ ಮಕ್ಕಳ ಜೊತೆ ವಂಡರ್‌ಲಾಗೆ ಹೋಗಲು ಹೇಗೆ ಪ್ಲಾನ್ ಮಾಡಬೇಕು?

ಮೊದಲು ಮಕ್ಕಳ ಎತ್ತರ ಅಳೆಯಿರಿ, ಟಿಕೆಟ್ ಆಮೇಲೆ. ದೊಡ್ಡ ರೈಡ್‌ಗಳಿಗೆ ಎತ್ತರವೇ ಲೆಕ್ಕ. ಗೇಟ್ ಮುಂದೆ ನಿಂತು ಅಳೋದು ತಪ್ಪುತ್ತದೆ, ಅಲ್ವಾ?

ಬೆಂಗಳೂರಿನ ವಂಡರ್‌ಲಾ ಇರುವುದು ಬಿಡದಿ ಹತ್ತಿರ, ಮೈಸೂರು ರಸ್ತೆಯಲ್ಲಿ. ರಾತ್ರಿ ಬಸ್ಸು ಇಳಿದ ದಿನವೇ ಪಾರ್ಕಿಗೆ ನುಗ್ಗಬೇಡಿ. ಶಿರಾಡಿ ಘಾಟಿಯ ತಿರುವುಗಳಲ್ಲಿ ಮಕ್ಕಳಿಗೆ ನಿದ್ದೆ ಎಲ್ಲಿ? ಒಂದು ದಿನ ಸುಮ್ನೆ ಉಳಿದು, ಮರುದಿನ ಬೆಳಿಗ್ಗೆ ಬಿಡದಿಯ ತಟ್ಟೆ ಇಡ್ಲಿ ತಿಂದು ಹೋಗಿ. (ನಮ್ಮ ಉಡುಪಿ ಇಡ್ಲಿಗೆ ಹೋಲಿಸಬೇಡಿ, ಅದರ ದಾರಿಯೇ ಬೇರೆ.)

ಜೋರು ಮಳೆಗಾಲ ಬೇಡ. ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು. ವಾರದ ನಡುವಿನ ದಿನ ಆರಿಸಿದರೆ ಕ್ಯೂ ಕಡಿಮೆ. ನೀರಾಟಕ್ಕೆ ನೈಲಾನ್ ಬಟ್ಟೆ ಇಟ್ಟುಕೊಳ್ಳಿ, ಹತ್ತಿ ಬಟ್ಟೆ ನಡೆಯುವುದಿಲ್ಲ.