ತೆರೆಯ ದೆವ್ವ, ಮಂಜಿನ ಭಯ

ಪ್ರಶ್ನೆ: ಕಳೆದ ವಾರ ಬಿಡುಗಡೆಯಾದ ಹಾರರ್ ಸಿನಿಮಾ ನೋಡಿ ತೀರಾ ನಿರಾಶನಾದೆ. ಆದರೆ ಹಳೆಯ ‘ಸೈಲೆಂಟ್ ಹಿಲ್’ ವಿಡಿಯೊ ಗೇಮ್ ಆಡುವಾಗ ಈಗಲೂ ಕೈ ಬೆವರುತ್ತದೆ. ಇದು ನನ್ನೊಬ್ಬನ ಅನುಭವವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಅಲ್ಲ. ಆ ಸಿನಿಮಾವನ್ನು ಚಿತ್ರದುರ್ಗದಲ್ಲಿ ನಾನೂ ನೋಡಿದೆ. ಬಾಗಿಲು ಕಿರ್ರೆನ್ನುವ ಮೊದಲೇ ಹಿನ್ನೆಲೆ ಸಂಗೀತ ಅಬ್ಬರಿಸಿ ಮುನ್ಸೂಚನೆ ಕೊಟ್ಟುಬಿಡುತ್ತದೆ. ಆರಂಭದಲ್ಲೇ ದೆವ್ವದ ಮುಖವನ್ನು ಪೂರ್ತಿ ಬೆಳಕಿನಲ್ಲಿ ತೋರಿಸಿದ ಮೇಲೆ ನಮ್ಮ ಕಲ್ಪನೆಗೆ ಕೆಲಸವೇ ಉಳಿಯುವುದಿಲ್ಲ.

ಜಪಾನಿನ ಕೊನಾಮಿ ಸಂಸ್ಥೆ 1999ರಲ್ಲಿ ಪ್ಲೇಸ್ಟೇಷನ್ ಎಂಬ ಗೇಮ್ ಯಂತ್ರಕ್ಕಾಗಿ ಹೊರತಂದ ನಿಮ್ಮ ಮೆಚ್ಚಿನ ಆಟ ನನಗೂ ಅಚ್ಚುಮೆಚ್ಚು. ದೂರದ ಬೀದಿ, ಕಟ್ಟಡಗಳನ್ನೆಲ್ಲ ಒಟ್ಟಿಗೆ ಚಿತ್ರಿಸುವ ಶಕ್ತಿ ಆ ಯಂತ್ರಕ್ಕೆ ಇರಲಿಲ್ಲವಾದ್ದರಿಂದ ಆಟದ ಊರಿಗೆಲ್ಲ ಮಂಜು ಕವಿಸಲಾಯಿತು. ಆ ಕೊರತೆಯೇ ಆಟದ ಜೀವಾಳವಾಯಿತು. ಇಲ್ಲಿನ ಜೋಗಿಮಟ್ಟಿ ಬೆಟ್ಟದ ಮೇಲೆ ಮಂಜು ಇಳಿದ ಬೆಳಿಗ್ಗೆ ಹತ್ತು ಹೆಜ್ಜೆ ಮುಂದಿನ ದಾರಿ ಕಾಣದೆ ನಿಂತವರಿಗೆ ಈ ಭಯವನ್ನು ವಿವರಿಸಬೇಕಾಗಿಲ್ಲ.

ಕಳೆದುಹೋದ ಮಗಳು ಶೆರಿಲ್‌ಳನ್ನು ಹುಡುಕುವ ಆಟದ ನಾಯಕ ಹ್ಯಾರಿ ಮೇಸನ್ ಯೋಧನಲ್ಲ, ಸಾಮಾನ್ಯ ತಂದೆ. ಅವನ ಗುಂಡು ಗುರಿ ತಪ್ಪುತ್ತದೆ, ಓಡಿದರೆ ಏದುಸಿರು ಬರುತ್ತದೆ. ಅವನ ಬಳಿಯಿರುವ ಪುಟ್ಟ ರೇಡಿಯೊ ವಿಕಾರ ಜೀವಿಗಳು ಸಮೀಪಿಸಿದಾಗ ಗರಗರ ಸದ್ದು ಮಾಡುತ್ತದೆ. ಏನೋ ಬರುತ್ತಿದೆ ಎಂದು ಗೊತ್ತು, ಏನೆಂದು ಕಾಣದು, ಆದರೂ ಮುಂದಿನ ಹೆಜ್ಜೆಯನ್ನು ನಾವೇ ಇಡಬೇಕು. ಸಿನಿಮಾದಲ್ಲಿ ಕಣ್ಣು ಮುಚ್ಚಿಕೊಂಡರೂ ಕಥೆ ಸಾಗುತ್ತದೆ. ಇಲ್ಲಿ ನಾವು ನಿಂತರೆ ಅದೂ ಮಂಜಿನಲ್ಲೇ ನಿಂತುಬಿಡುತ್ತದೆ. 2001ರಲ್ಲಿ ಬಂದ ಎರಡನೆಯ ಭಾಗವನ್ನು ನೀವಿನ್ನೂ ಆಡಿಲ್ಲವಾದರೆ ದಯವಿಟ್ಟು ಆಡಿ ನೋಡಿ.