ಜೆಜೆ ಆಸ್ಪತ್ರೆ, ಗ್ರಾಂಟ್ ಮೆಡಿಕಲ್ ಕಾಲೇಜು ಎರಡೂ ಒಂದೇನಾ?

ಆವರಣ ಒಂದೇ, ಹೆಸರು ಎರಡು. ಮುಂಬೈನ ಬೈಕುಲಾದಲ್ಲಿರುವ ಗ್ರಾಂಟ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ರೋಗಿಯ ಮಂಚದ ಪಕ್ಕ ನಿಂತು ಕಲಿಯುವ ಜಾಗವೇ ಸರ್ ಜೆಜೆ ಆಸ್ಪತ್ರೆ. ಎರಡೂ ಶುರುವಾಗಿದ್ದು 1845ರಲ್ಲಿ. ಕಾಲೇಜಿಗೆ ಗವರ್ನರ್ ರಾಬರ್ಟ್ ಗ್ರಾಂಟ್ ಹೆಸರು. ಆಸ್ಪತ್ರೆಗೆ ಕೈಬಿಚ್ಚಿ ದುಡ್ಡು ಕೊಟ್ಟವರು ಪಾರ್ಸಿ ವ್ಯಾಪಾರಿ ಜಮ್‌ಶೇಟ್‌ಜಿ ಜೀಜೀಭಾಯ್.

ನನಗೆ ಇಷ್ಟವಾಗುವ ಸಂಗತಿ ಬೇರೆ. 1896ರಲ್ಲಿ ಊರಿಗೆ ಪ್ಲೇಗ್ ಬಡಿದಾಗ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಅದಕ್ಕೆ ಲಸಿಕೆ ತಯಾರಿಸಿದ್ದು ಇದೇ ಕಾಲೇಜಿನಲ್ಲಿ. 1897ರ ಜನವರಿಯಲ್ಲಿ ಅದನ್ನು ಮೊದಲು ಚುಚ್ಚಿಸಿಕೊಂಡಿದ್ದೂ ಅವರೇ!

‘ಜೆಜೆ ಸಮೂಹ’ ಅನ್ನುವಾಗ ಬಹುಕಾಲ ಇನ್ನೂ ಮೂರು ಆಸ್ಪತ್ರೆ ಸೇರುತ್ತಿದ್ದವು: ಸೇಂಟ್ ಜಾರ್ಜ್, ಜಿಟಿ (ಗೋಕುಲದಾಸ್ ತೇಜ್‌ಪಾಲ್), ಮತ್ತು ಹೆಂಗಸರು-ಮಕ್ಕಳ ಕಾಮಾ. ಇವು ರಾಜ್ಯ ಸರ್ಕಾರದವು. ಪರೇಲ್‌ನ ಕೆಇಎಂ ಆಸ್ಪತ್ರೆ ಮಹಾನಗರಪಾಲಿಕೆಯದು, ಅದನ್ನು ಇದರ ಜತೆ ಬೆರೆಸಬೇಡಿ.

ಊರಿಂದ ಬರುವವರು ಎಡವುವುದು ಇಲ್ಲೇ. ನಮ್ಮ ದೊಡ್ಡಪ್ಪ ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದು, ಸಿಎಸ್‌ಎಂಟಿ ರೈಲು ನಿಲ್ದಾಣದ ಪಕ್ಕದ ಸೇಂಟ್ ಜಾರ್ಜನ್ನೇ ಜೆಜೆ ಅಂದುಕೊಂಡು ಕೇಸ್ ಪೇಪರ್ (ರೋಗಿಯ ನೋಂದಣಿ ಚೀಟಿ) ಸಾಲಿನಲ್ಲಿ ಅರ್ಧ ಗಂಟೆ ನಿಂತಿದ್ದರು. ಡಾಕ್ಟರ ಚೀಟಿಯಲ್ಲಿ ಯಾವ ಆಸ್ಪತ್ರೆಯ ಹೆಸರಿದೆ ನೋಡಿಕೊಳ್ಳಿ. ಜೆಜೆ ಅಂತಿದ್ದರೆ ಲೋಕಲ್ ಹಿಡಿದು ಸ್ಯಾಂಡ್‌ಹರ್ಸ್ಟ್ ರೋಡ್ ಇಲ್ಲವೇ ಬೈಕುಲಾದಲ್ಲಿ ಇಳಿಯಿರಿ.