ಹೃದಯಾಘಾತವಾದ ಮೇಲೆ ಮೈಟೋಕಾಂಡ್ರಿಯಾಕ್ಕೆ ಯಾವ ಮಾತ್ರೆ?

ತಂದೆಯವರಿಗೆ ಸ್ಟೆಂಟ್ ಹಾಕಿಸಿ ತಿಂಗಳಾಗಿದೆ, ಹೃದಯದ ಮೈಟೋಕಾಂಡ್ರಿಯಾ (ಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳು) ಚೇತರಿಸಿಕೊಳ್ಳಲು ಯಾವ ಮಾತ್ರೆ ತರಬೇಕು ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಈ ಪ್ರಶ್ನೆಗೆ ನಾನೇ ಉತ್ತರ ಕಂಡುಕೊಂಡು, ವರ್ಷ ತುಂಬುವುದರೊಳಗೆ ಎರಡನೆಯ ಸ್ಟೆಂಟ್ ಹಾಕಿಸಿಕೊಂಡೆ.

ಆಗ ನನಗೆ 51. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನಾದ್ದರಿಂದ, ರಜೆಯ ಮೇಲೆ ಮನೆಯಲ್ಲಿ ಮಲಗಿದ್ದಾಗ ಓದುವುದೇ ಕೆಲಸವಾಯಿತು. ಹೃದಯದ ಸ್ನಾಯುಕೋಶದ ಗಾತ್ರದಲ್ಲಿ ಸುಮಾರು ಮೂರನೆಯ ಒಂದು ಪಾಲು ಮೈಟೋಕಾಂಡ್ರಿಯಾವೇ ಇರುತ್ತದೆ ಎಂದೂ, ಮುಚ್ಚಿದ ರಕ್ತನಾಳ ತೆರೆದುಕೊಂಡ ಮೊದಲ ನಿಮಿಷಗಳಲ್ಲಿ ಕ್ಯಾಲ್ಸಿಯಂ ತುಂಬಿಕೊಂಡು ಅದರ ಪೊರೆಯಲ್ಲಿ ರಂಧ್ರ ತೆರೆದರೆ ಅಲ್ಲಿಯವರೆಗೆ ಬದುಕಿದ್ದ ಕೋಶವೂ ಸಾಯುತ್ತದೆ ಎಂದೂ ತಿಳಿದುಕೊಂಡೆ. ಇದೆಲ್ಲ ನಿಜ. ಆದರೆ ಆ ನಿಮಿಷಗಳು ಸ್ಟೆಂಟ್ ಹಾಕುವ ಕ್ಯಾಥ್‌ಲ್ಯಾಬ್‌ನಲ್ಲೇ ಮುಗಿದುಹೋಗಿದ್ದವು. ಆ ರಂಧ್ರವನ್ನು ತಡೆಯಲೆಂದು ಸೈಕ್ಲೋಸ್ಪೋರಿನ್ ಎಂಬ ಔಷಧ ಕೊಟ್ಟು 970 ರೋಗಿಗಳಲ್ಲಿ ನಡೆಸಿದ, 2015ರಲ್ಲಿ ಪ್ರಕಟವಾದ ಸರ್ಕಸ್ ಅಧ್ಯಯನದಲ್ಲೂ ಪ್ರಯೋಜನ ಕಾಣಲಿಲ್ಲ.

ನನ್ನ ತಪ್ಪು ಮುಂದಿನ ಹೆಜ್ಜೆಯದು. ನನಗೆ ವೈದ್ಯರು ಕೊಟ್ಟಿದ್ದ ಸ್ಟ್ಯಾಟಿನ್ ಮಾತ್ರೆ ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಾಗುವ ದಾರಿಯನ್ನು ತಡೆಯುತ್ತದೆ. ಮೈಟೋಕಾಂಡ್ರಿಯಾಕ್ಕೆ ಬೇಕಾದ ಕೋಎಂಜೈಮ್ ಕ್ಯೂ10 ಕೂಡ ಅದೇ ದಾರಿಯಲ್ಲಿ ತಯಾರಾಗುವುದರಿಂದ ರಕ್ತದಲ್ಲಿ ಅದರ ಮಟ್ಟವೂ ಇಳಿಯುತ್ತದೆ. ಇಷ್ಟನ್ನು ಓದಿ, ತೊಡೆ ನೋಯುತ್ತಿದ್ದುದನ್ನು ಇದಕ್ಕೆ ತಳುಕು ಹಾಕಿ, ಹೃದಯಕ್ಕೂ ಶಕ್ತಿ ಸಾಲುತ್ತಿಲ್ಲವೆಂದು ತೀರ್ಮಾನಿಸಿದೆ. ರಕ್ತದಲ್ಲಿ ಒಂದು ವಸ್ತು ಕಡಿಮೆಯಾಯಿತೆಂದರೆ ಹೃದಯದ ಸ್ನಾಯು ಸೊರಗಿತೆಂದು ಅರ್ಥವಲ್ಲ. ವಿದ್ಯಾರ್ಥಿಯೊಬ್ಬ ಹೀಗೆ ಉತ್ತರ ಬರೆದಿದ್ದರೆ ನಾನು ಅಂಕ ಕೊಡುತ್ತಿರಲಿಲ್ಲ. 2014ರ ಕ್ಯೂ-ಸಿಂಬಿಯೊ ಅಧ್ಯಯನದಲ್ಲಿ ದಿನಕ್ಕೆ 300 ಮಿಲಿಗ್ರಾಂ ಕ್ಯೂ10 ತೆಗೆದುಕೊಂಡವರಿಗೆ ಒಳ್ಳೆಯದಾಗಿತ್ತು, ಅದನ್ನೂ ಓದಿದ್ದೆ. ಅದರಲ್ಲಿದ್ದ 420 ಜನ ದೀರ್ಘಕಾಲದ ಹೃದಯ ವೈಫಲ್ಯದ ರೋಗಿಗಳು, ಮತ್ತು ಅವರು ಕ್ಯೂ10 ಅನ್ನು ತಮ್ಮ ಉಳಿದ ಔಷಧಿಗಳ ಜೊತೆಗೆ ತೆಗೆದುಕೊಂಡಿದ್ದರು. ಆ 'ಜೊತೆಗೆ' ಎಂಬುದನ್ನು ನಾನು 'ಬದಲಿಗೆ' ಎಂದು ಓದಿಕೊಂಡು, ಯಾರಿಗೂ ಹೇಳದೆ ಸ್ಟ್ಯಾಟಿನ್ ನಿಲ್ಲಿಸಿದೆ. ತೊಡೆಯ ನೋವು ಕಡಿಮೆಯಾದಂತೆ ಅನಿಸಿದ್ದರಿಂದ ನನ್ನ ಮಾತೇ ಸರಿಯೆಂಬ ಧೈರ್ಯವೂ ಬಂತು. ಸ್ಟ್ಯಾಟಿನ್ ಸಹಿಸಲಾರದೆ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಹುಸಿಮಾತ್ರೆ ಕೊಟ್ಟ ಸ್ಯಾಮ್ಸನ್ ಅಧ್ಯಯನದಲ್ಲಿ, ತೊಂದರೆಯ ಸುಮಾರು ಶೇಕಡಾ 90ರಷ್ಟು ಹುಸಿಮಾತ್ರೆಯಲ್ಲೂ ಕಾಣಿಸಿಕೊಂಡಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಎಂಟನೆಯ ತಿಂಗಳು ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಿತು. ಆಸ್ಪತ್ರೆಯಿಂದ ಬಂದಾಗ 60ರ ಆಸುಪಾಸಿನಲ್ಲಿದ್ದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 150 ದಾಟಿತ್ತು, ಬಲಗಡೆಯ ರಕ್ತನಾಳ ಕಿರಿದಾಗಿತ್ತು. ಮಾತ್ರೆ ನುಂಗಿದ್ದರೆ ಹೀಗಾಗುತ್ತಲೇ ಇರಲಿಲ್ಲ ಎಂದು ಖಚಿತವಾಗಿ ಹೇಳಲಾಗದು ಎಂದರು ವೈದ್ಯರು. ಅದು ಅವರ ದೊಡ್ಡತನ, ನನಗೆ ಸಂಶಯವಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ, ಬೇಸರಿಸಬೇಡಿ. ಸತ್ತ ಸ್ನಾಯು ಕಲೆಯಾಗಿ ಉಳಿಯುತ್ತದೆ, ಯಾವ ಡಬ್ಬಿಯೂ ಅದನ್ನು ಎಬ್ಬಿಸದು. ಉಳಿದ ಸ್ನಾಯುವಿನ ಮೈಟೋಕಾಂಡ್ರಿಯಾಕ್ಕೆ ಬೇಕಾಗಿರುವುದು ಅಡ್ಡಿಯಿಲ್ಲದೆ ಹರಿಯುವ ರಕ್ತ. ಮೈಟೋಕಾಂಡ್ರಿಯಾ ಹೆಚ್ಚಿಸುವುದಕ್ಕೆ ನಾನು ನಂಬುವ ಉಪಾಯ ನಡಿಗೆಯೊಂದೇ, ಅದು ಹೆಚ್ಚಿಸುವುದೂ ಮುಖ್ಯವಾಗಿ ಕಾಲಿನ ಸ್ನಾಯುವಿನಲ್ಲಿ. ಕಾಲು ಗಟ್ಟಿಯಾದಷ್ಟೂ ಹೃದಯದ ಮೇಲಿನ ಹೊರೆ ಇಳಿಯುತ್ತದೆ. ಎರಡನೆಯ ಸಲ ನಾನು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಹೇಳಿದಂತೆ ದಿನಕ್ಕೆ ಐದು ನಿಮಿಷದಿಂದ ಆರಂಭಿಸಿ ಮೂರು ತಿಂಗಳಲ್ಲಿ ನಲವತ್ತಕ್ಕೆ ಬಂದೆ. ತಂದೆಯವರಿಗೆ ಎಷ್ಟು ನಡೆಯಬಹುದೆಂದು ಅವರ ವೈದ್ಯರನ್ನೇ ಕೇಳಿ, ಎಲ್‌ಡಿಎಲ್ ಪರೀಕ್ಷೆ ಮಾಡಿಸಿ. ಕಾಲು ನೋವೆಂದು ಅವರು ಹೇಳಿದರೆ ಅದನ್ನೂ ವೈದ್ಯರಿಗೆ ತಿಳಿಸಿ: ಪ್ರಮಾಣ ತಗ್ಗಿಸಲು ಅಥವಾ ಬೇರೆ ಸ್ಟ್ಯಾಟಿನ್‌ಗೆ ಬದಲಾಯಿಸಲು ಅವರಿಗೆ ದಾರಿಗಳಿವೆ. ನನಗೂ ಕೊನೆಗೆ ಮಾತ್ರೆ ಬದಲಾಯಿಸಿಯೇ ಕೊಟ್ಟರು. ಕೇಳಿದ್ದರೆ ಮೊದಲೇ ಕೊಡುತ್ತಿದ್ದರು.